ಬಾತುಕೋಳಿ ಮರಿಗೆ ಕೋಳಿಮರಿಯ ಫೀಡ್ ಹಾಕಿದರೆ ಕಾಲು ಸೋಲುವುದೇಕೆ?

ಆ ಫೀಡಿನಲ್ಲಿರುವ ನಯಾಸಿನ್, ಅಂದರೆ ಬಿ3 ಜೀವಸತ್ವ, ಬಾತುಮರಿಗೆ ಸಾಲದು. ಒಂದು ಕಿಲೋ ಆಹಾರದಲ್ಲಿ ಕೋಳಿಮರಿಗೆ ಸುಮಾರು 35 ಮಿಲಿಗ್ರಾಂ ಸಾಕು, ಬಾತುಮರಿಗೆ 55 ಬೇಕು. ಕೋಳಿ ಪ್ರೋಟೀನಿನ ಒಂದು ಅಂಶದಿಂದ ಸ್ವಲ್ಪ ನಯಾಸಿನ್ ತಾನೇ ತಯಾರಿಸಿಕೊಳ್ಳುತ್ತದೆ. ಬಾತಿಗೆ ಆ ಶಕ್ತಿ ತೀರಾ ಕಡಿಮೆ. ಫೀಡಿನ ಮುಖ್ಯ ಧಾನ್ಯವಾದ ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಹೆಚ್ಚಿನದು ಮೈಗೆ ಹತ್ತುವುದಿಲ್ಲ.

ಮೊದಲ ಸುಳಿವು ನಡಿಗೆಯಲ್ಲೇ ಕಾಣುತ್ತದೆ: ಮರಿ ನಾಲ್ಕು ಹೆಜ್ಜೆ ಇಟ್ಟು ಕುಸಿದು ಕೂರುತ್ತದೆ, ಕಾಲಿನ ಗಂಟು ಊದುತ್ತದೆ, ಆಮೇಲೆ ಕಾಲು ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಮೇಲೆ ನೆಟ್ಟಗಾಗುವುದು ಕಷ್ಟ, ಆದ್ದರಿಂದ ಕಾಯಬೇಡಿ.

ಒಂದು ಲೋಟ ಫೀಡಿಗೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟಿನ ಒಣ ಪುಡಿ, ನಯಾಸಿನ್ ಹೆಚ್ಚಿರುವಂಥದು) ಹಾಕಿ, ಪುಡಿ ತಳಕ್ಕೆ ಇಳಿಯದಂತೆ ನೀರು ಚಿಮುಕಿಸಿ ಕಲೆಸಿ. ಬೇಕರಿಯ ಹಿಟ್ಟು ಉಬ್ಬಿಸುವ ಯೀಸ್ಟ್ ಬೇಡ. ಕಲೆಸಿದ್ದನ್ನು ಅಂದೇ ಮುಗಿಸಿ. ಬೂಸ್ಟು ಹಿಡಿದ ಮೇವಿನ ವಿಷ ಬಾತಿಗೆ ಕೋಳಿಗಿಂತ ಬೇಗ ತಗಲುತ್ತದೆ. ಕುಂಟುತ್ತಿರುವ ಮರಿಗೆ ನಯಾಸಿನ್ ಮಾತ್ರೆಯ ಪ್ರಮಾಣವನ್ನು ಪಶುವೈದ್ಯರಿಂದ ಕೇಳಿಕೊಳ್ಳಿ.

ನೆಲವನ್ನೂ ನೋಡಿ. ನ್ಯೂಸ್‌ಪೇಪರ್ ಮೇಲೆ ಕಾಲು ಜಾರಿ ಅಗಲವಾಗುತ್ತದೆ, ಗೋಣಿಚೀಲ ಹಾಸಿ.