ಫ್ಯಾನ್ ತಿರುಗುತ್ತಿದ್ದರೂ ಬಟ್ಟೆ ಒಣಗುವುದಿಲ್ಲವೇಕೆ?

ಪ್ರಶ್ನೆ: ಮಳೆಗಾಲದಲ್ಲಿ ಬಟ್ಟೆಗಳನ್ನು ಕೋಣೆಯೊಳಗೆ ಹಗ್ಗಕ್ಕೆ ಹಾಕಿ ರಾತ್ರಿಯಿಡೀ ಫ್ಯಾನ್ ಬಿಟ್ಟರೂ ಬೆಳಿಗ್ಗೆ ತೇವ ಹಾಗೇ ಇರುತ್ತದೆ, ಮೇಲಿಂದ ಮುಗ್ಗಲು ವಾಸನೆ. ಕಿಟಕಿ ತೆರೆದಿಡೋಣವೆಂದರೆ ಹೊರಗಿನ ಥಂಡಿ ಒಳಗೆ ಬರುತ್ತದೆಂದು ನಮ್ಮತ್ತೆ ಬಿಡುವುದಿಲ್ಲ. ಯಾರು ಸರಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹೆಚ್ಚಿನ ದಿನ ನೀವೇ ಸರಿ. ಲೆಕ್ಕ ಹಾಕಿಯೇ ನೋಡೋಣ. ಉದ್ದ, ಅಗಲ, ಎತ್ತರ ಎಲ್ಲವೂ 10 ಅಡಿಯಿರುವ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್‌ನಲ್ಲಿ ಹಿಡಿಸುವ ನೀರಾವಿ ಹೆಚ್ಚೆಂದರೆ 23 ಗ್ರಾಂ. ಆರ್ದ್ರತೆ ಆಗಲೇ ಶೇ 85 ಇದ್ದರೆ, ಇಡೀ ಕೋಣೆ ಇನ್ನು ಹೀರಿಕೊಳ್ಳುವುದು ಬರೀ 100 ಗ್ರಾಂ ನೀರು. ಮಷಿನ್ನಿನಲ್ಲಿ ಹಿಂಡಿದ ಒಂದೇ ಒಂದು ಜೀನ್ಸ್ ಪ್ಯಾಂಟಿನಲ್ಲಿ ಅದಕ್ಕಿಂತ ಹೆಚ್ಚು ನೀರಿರುತ್ತದೆ!

ಹಾಗಾದರೆ ಫ್ಯಾನ್ ಮಾಡುವುದೇನು? ಒದ್ದೆ ಬಟ್ಟೆಯ ಮೈಗೆ ಅಂಟಿಕೊಂಡಂತೆ ಕೆಲವು ಮಿಲಿಮೀಟರ್ ದಪ್ಪದ, ಅಷ್ಟಾಗಿ ಕದಲದ ಗಾಳಿಯ ಪದರವೊಂದಿರುತ್ತದೆ. ನೀರಾವಿ ಅದನ್ನು ನಿಧಾನವಾಗಿ ದಾಟಬೇಕು. ಫ್ಯಾನ್ ಆ ಪದರವನ್ನು ತೆಳುವಾಗಿಸುತ್ತದೆ, ಅಷ್ಟೇ. ಆದರೆ ನೀರಾವಿಯನ್ನು ಬಟ್ಟೆಯಿಂದ ಹೊರಗೆಳೆಯುವುದು ಬಟ್ಟೆಯ ಮೈ ಮತ್ತು ಕೋಣೆಯ ಗಾಳಿಯ ನಡುವಿನ ತೇವದ ವ್ಯತ್ಯಾಸ. ಕೋಣೆಯೇ ತುಂಬಿಹೋದರೆ ಆ ವ್ಯತ್ಯಾಸ ಇರುವುದಿಲ್ಲ. ಫ್ಯಾನ್ 5ರಲ್ಲಿಟ್ಟರೂ ಏರುವುದು ಕರೆಂಟ್ ಬಿಲ್ ಮಾತ್ರ. ಎರಡು ಕೆಜಿ ನೀರು ಹೋಗಬೇಕಾದರೆ ಗಾಳಿ 20 ಸಲವಾದರೂ ಬದಲಾಗಬೇಕು. ಎದುರುಬದುರು ಎರಡು ಕಿಟಕಿ ತೆರೆದರೆ ಒಂದು ರಾತ್ರಿಯಲ್ಲಿ ಇದೇನೂ ಕಷ್ಟವಲ್ಲ.

ಜಡಿಮಳೆ ಹಿಡಿದು ಅಂಗಳಕ್ಕೆ ಮಂಜು ಇಳಿದ ದಿನ ಮಾತ್ರ ಅತ್ತೆಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಹೊರಗಿನ ಗಾಳಿಯೂ ಆಗ ತುಂಬಿಕೊಂಡಿರುತ್ತದೆ. ಅಂಥ ದಿನ ಬಿಸಿ ಬೇಕು: 30 ಡಿಗ್ರಿಗೆ ಏರಿದರೆ ಅದೇ ಘನ ಮೀಟರ್‌ನಲ್ಲಿ 30 ಗ್ರಾಂ ಹಿಡಿಸುತ್ತದೆ. ನಿಮ್ಮ ಕಡೆಯ ಹಳೇ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಬಟ್ಟೆ ಹರವುತ್ತಿದ್ದುದು ಸುಮ್ಮನೆ ಅಲ್ಲ. ಬಿಸಿಗಾಳಿ ಬಟ್ಟೆಗಳ ನಡುವೆ ನುಗ್ಗಿ, ನೀರಾವಿಯನ್ನೂ ಹೊತ್ತು ಹೆಂಚಿನ ಸಂದಿಯಿಂದ ಹೊರಬೀಳುತ್ತಿತ್ತು. (ಹೊಗೆ ವಾಸನೆ ಪುಕ್ಕಟೆ.) ತಾರಸಿ ಮನೆಗೆ ಆ ಸಂದಿಯಿಲ್ಲ; ಹೀಟರ್ ಇಟ್ಟರೂ ಕಿಟಕಿಯನ್ನು ಸ್ವಲ್ಪ ತೆರೆದೇ ಇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ, ಅದರ ವಿಷಾನಿಲ ಪ್ರಾಣಕ್ಕೆ ಎರವಾಗುತ್ತದೆ.

ಮುಗ್ಗಲು ವಾಸನೆ ಬಟ್ಟೆ ಹೆಚ್ಚು ಹೊತ್ತು ಒದ್ದೆಯಾಗಿರುವಾಗ ಬೆಳೆಯುವ ಬ್ಯಾಕ್ಟೀರಿಯಾಗಳದ್ದು. ಬಟ್ಟೆಗಳ ನಡುವೆ ನಾಲ್ಕು ಬೆರಳು ಜಾಗ ಬಿಡಿ, ಟೇಬಲ್ ಫ್ಯಾನನ್ನು ಒಂದು ಕಿಟಕಿಯ ಬಳಿಯಿಟ್ಟು ಗಾಳಿ ಬಟ್ಟೆಗಳ ನಡುವೆ ಹಾದು ಎದುರು ಕಿಟಕಿಯಿಂದ ಹೊರಹೋಗುವಂತೆ ತಿರುಗಿಸಿ. ಹಿಂಡುವಾಗ ಮಷಿನ್ನನ್ನು ಇನ್ನೊಂದು ಸಲ ತಿರುಗಿಸಿದರೆ ರಾತ್ರಿಯ ಕೆಲಸ ಅಷ್ಟು ಕಡಿಮೆ.