ಗಿರಾಕಿ ಎದುರು ಜಗಳ, ಗಲ್ಲಾ ಹಿಂದೆ ಸ್ನೇಹ

ಪ್ರಶ್ನೆ: ಪ್ರವಾಸಿಗರು ತುಂಬುವ ಬೀದಿಯೊಂದರಲ್ಲಿ ನೀವು ಬಹಳ ಕಾಲ ಅಂಗಡಿಗಳ ಲೆಕ್ಕ ಬರೆದವರು ಎಂದು ಕೇಳಿದ್ದೇನೆ. ನನ್ನ ಮಗಳಿಗೆ ಅಂಥದ್ದೇ ಬೀದಿಯಲ್ಲಿ ಕೆಲಸ ಸಿಕ್ಕಿದೆ. ‘ಅಲ್ಲಿರುವವರೆಲ್ಲ ಬಣ್ಣದ ಮಾತಿನವರು, ಒಬ್ಬರನ್ನೂ ನಂಬಬೇಡ’ ಎಂದು ನೆಂಟರು ಹೆದರಿಸುತ್ತಿದ್ದಾರೆ. ನಿಮ್ಮ ಅನುಭವ ಏನು?

ಉತ್ತರ: ಬಣ್ಣದ ಮಾತು ಇರುವುದು ನಿಜ. ನಂಬಬೇಡ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಗಲು ಅವರ ಮಾತು ಕೇಳುತ್ತಿದ್ದೆ, ರಾತ್ರಿ ಅವರ ಲೆಕ್ಕ ಬರೆಯುತ್ತಿದ್ದೆ. ಎರಡನ್ನೂ ಕಂಡವರು ಕಡಿಮೆ.

ಅಲ್ಲೊಬ್ಬರು ಕೂಲಿಂಗ್ ಗ್ಲಾಸ್ ಮಾರುತ್ತಿದ್ದರು. ಹಲಗೆ ತುಂಬ ಕನ್ನಡಕ ಸಿಕ್ಕಿಸಿ, ಹೆಗಲಿಗೇರಿಸಿಕೊಂಡು ಬಸ್ಸಿನ ಬಾಗಿಲಿಗೇ ಹೋಗಿ ನಿಲ್ಲುವರು. ಇಳಿಯುವವರ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಅದೇ ಭಾಷೆಯಲ್ಲಿ ಶುರು. ಹೆಚ್ಚು ಓದಿದವರಲ್ಲ. ಆದರೆ ‘ಬಿಸಿಲು ಜಾಸ್ತಿ ಇದೆ, ಮಗುವಿನ ಕಣ್ಣು ನೋಡಿ’ ಎನ್ನುವುದನ್ನು ಯಾವ್ಯಾವುದೋ ದೇಶದ ಭಾಷೆಯಲ್ಲಿ ಹೇಳುತ್ತಿದ್ದರು. ಬೆಲೆಯ ಮಾತು ಎತ್ತುತ್ತಲೇ ಇರಲಿಲ್ಲ. ಕನ್ನಡಕವನ್ನು ಮಗುವಿಗೆ ಹಾಕಿ, ಜೇಬಿನಿಂದ ಅಂಗೈಯಗಲದ ಕನ್ನಡಿ ತೆಗೆದು ಮುಂದೆ ಹಿಡಿಯುವರು. ಕನ್ನಡಿ ನೋಡಿಕೊಂಡ ಮಗು ಅದನ್ನು ಬಿಚ್ಚಿ ವಾಪಸ್ ಕೊಡುವುದುಂಟಾ? ಚೌಕಾಸಿ ಏನಿದ್ದರೂ ಆಮೇಲೆ, ಅಪ್ಪ ಅಮ್ಮನ ಜೊತೆ.

ಅವರ ಹಿಂದೆಯೇ ಅಕ್ಕಪಕ್ಕದ ಎರಡು ಅಂಗಡಿ. ಎರಡರಲ್ಲೂ ಅದೇ ಗೊಂಬೆ, ಅದೇ ಕೀಚೈನು. ಯಜಮಾನರಿಬ್ಬರೂ ಬೆಳಗ್ಗೆಯಿಂದ ಸಂಜೆವರೆಗೆ ‘ಅಲ್ಲಿಗೆ ಹೋಗಬೇಡಿ, ದುಬಾರಿ’ ಎಂದು ಕೂಗಾಡುತ್ತಿದ್ದರು. ಮಾತು ಜೋರಾಗಿ ಜನ ನಿಂತು ನೋಡುವ ಮಟ್ಟಕ್ಕೂ ಹೋಗುತ್ತಿತ್ತು. ನಾನು ಇಬ್ಬರ ಪುಸ್ತಕವನ್ನೂ ಬರೆಯುತ್ತಿದ್ದೆನಲ್ಲ, ನನಗೆ ಗೊತ್ತು: ಸರಕು ಬರುತ್ತಿದ್ದದ್ದು ಒಂದೇ ಹೋಲ್‌ಸೇಲ್ ಅಂಗಡಿಯಿಂದ, ಒಂದೇ ಬಿಲ್ಲಿನಲ್ಲಿ. ಜೊತೆಯಾಗಿ ತೆಗೆದುಕೊಂಡರೆ ದರ ಇಳಿಯುತ್ತದೆ ಅಂತ ಹಾಗೆ. ಬಿಲ್ಲಿನ ಮೊತ್ತ ಅರ್ಧರ್ಧ. ಒಬ್ಬರ ಕೈಯಲ್ಲಿ ದುಡ್ಡಿಲ್ಲದ ತಿಂಗಳು ಇನ್ನೊಬ್ಬರೇ ಪೂರ್ತಿ ಕಟ್ಟುತ್ತಿದ್ದರು. ಅದಕ್ಕೆ ಚೀಟಿಯಿಲ್ಲ, ಸಹಿಯಿಲ್ಲ. ನನ್ನ ಪುಸ್ತಕದಲ್ಲಿ ಒಂದು ಸಾಲು, ಅಷ್ಟೇ. ಆ ಸಾಲನ್ನು ಹೊಡೆದು ಹಾಕುವ ದಿನ ತಪ್ಪದೆ ಬರುತ್ತಿತ್ತು.

ಆ ಜಗಳ ನೋಡಿ ಮೊದಮೊದಲು ನನಗೂ ಕಸಿವಿಸಿ ಆಗುತ್ತಿತ್ತು. ಆಮೇಲೆ ಅರ್ಥವಾಯಿತು: ಇಬ್ಬರೂ ಕೂಗಿದರೆ ಜನ ಆ ಎರಡು ಅಂಗಡಿಯ ಮುಂದೆ ನಿಲ್ಲುತ್ತಾರೆ. ಇಬ್ಬರೂ ಸುಮ್ನಿದ್ದರೆ ಜನ ಮುಂದೆ ಹೋಗಿಬಿಡುತ್ತಾರೆ.

ನನಗೆ ತುಂಬ ಹತ್ತಿರವಾದವರು ಫೋಟೋಗ್ರಾಫರ್. ಪೋಲರಾಯ್ಡ್ ಕ್ಯಾಮೆರಾ 1948ರಲ್ಲೇ ಮಾರುಕಟ್ಟೆಗೆ ಬಂದದ್ದು. ಇವರು ಅದೇ ಜಾತಿಯ ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ನಿಂತಲ್ಲೇ ಫೋಟೋ ಕೊಡುತ್ತಿದ್ದರು. ಚಿತ್ರ ಮೂಡುವಷ್ಟು ಹೊತ್ತು ಗಿರಾಕಿಯ ಊರು, ಮದುವೆ, ಮಕ್ಕಳು ಎಲ್ಲ ವಿಚಾರಿಸಿ ಇನ್ನೊಂದು ಫೋಟೋಗೆ ಒಪ್ಪಿಸಿರುತ್ತಿದ್ದರು. 2008ರಲ್ಲಿ ಆ ಫಿಲ್ಮ್ ತಯಾರಿಕೆಯನ್ನೇ ಕಂಪನಿ ನಿಲ್ಲಿಸಿತು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬರತೊಡಗಿತ್ತು. ಅವರು ಬೀದಿ ಬಿಡಲಿಲ್ಲ. ಯಾವ ಗಂಟೆಗೆ ಬೆಳಕು ಯಾವ ಗೋಡೆ ಮೇಲೆ ಬೀಳುತ್ತದೆ, ಎಲ್ಲಿ ನಿಂತರೆ ಹಿಂದಿನ ತಂತಿ ಕಾಣುವುದಿಲ್ಲ ಎನ್ನುವುದು ಅವರಿಗೆ ಬಾಯಿಪಾಠ. ಗಿರಾಕಿಯ ಮೊಬೈಲಲ್ಲೇ ತೆಗೆದುಕೊಡಲು ಶುರು ಮಾಡಿದರು. ಜನ ಸಂತೋಷದಿಂದ ದುಡ್ಡು ಕೊಡುತ್ತಿದ್ದರು. ಆ ಮನುಷ್ಯನ ಬಗ್ಗೆ ನನಗೆ ಇವತ್ತಿಗೂ ಗೌರವ.

ಪ್ರಶ್ನೆ: ಅದೇ ವಸ್ತುವಿಗೆ ಪ್ರವಾಸಿ ಜಾಗದಲ್ಲಿ ಬೆಲೆ ಜಾಸ್ತಿ. ಇದು ಮೋಸ ಅಲ್ವಾ?

ಉತ್ತರ: ಸುಳ್ಳು ಹೇಳಿ ಮಾರಿದರೆ ಮೋಸ. ಪ್ಲಾಸ್ಟಿಕ್ಕನ್ನು ದಂತ ಎಂದವರನ್ನು ನಾನು ಕಂಡಿದ್ದೇನೆ, ಅವರ ಲೆಕ್ಕ ಬರೆಯಲು ಒಪ್ಪಲಿಲ್ಲ. ಬರೀ ಬೆಲೆ ಜಾಸ್ತಿ ಇರುವುದಕ್ಕೆ ಬೇರೆ ಕಾರಣಗಳಿವೆ. ಬಾಡಿಗೆ ಹನ್ನೆರಡು ತಿಂಗಳದ್ದು, ವ್ಯಾಪಾರ ಸೀಸನ್ನಿನ ಕೆಲವೇ ತಿಂಗಳದ್ದು. ಜನರನ್ನು ಕರೆತಂದ ಗೈಡಿಗೂ ಡ್ರೈವರಿಗೂ ಕಮಿಷನ್ ಹೋಗಬೇಕು. ಕೆಲವು ಅಂಗಡಿಗಳಲ್ಲಿ ಲಾಭಕ್ಕಿಂತ ಕಮಿಷನ್ನೇ ದೊಡ್ಡದಿತ್ತು. ಗಿರಾಕಿಗೆ ಇದು ಕಾಣುವುದೇ ಇಲ್ಲ.

ಇನ್ನೊಂದು ಕಾರಣ, ಬಂದವರು ಮತ್ತೆ ಬರುವುದಿಲ್ಲ. ಕೊಳ್ಳುವವನಿಗೆ ಸರಕಿನ ಗುಣ ತಿಳಿಯದಿದ್ದರೆ ಒಳ್ಳೆ ಸರಕಿಗೂ ಸರಿಯಾದ ಬೆಲೆ ಸಿಗುವುದಿಲ್ಲ, ಕೆಟ್ಟದ್ದೇ ಉಳಿಯುತ್ತದೆ ಎಂದು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೇ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ನಮ್ಮ ಬೀದಿಯಲ್ಲಿ ಒಳ್ಳೆ ಕೆತ್ತನೆ ಮಾಡುತ್ತಿದ್ದವರ ಸಂಕಟ ಇದೇ ಆಗಿತ್ತು. ಕೈಯಲ್ಲಿ ಕೆತ್ತಿದ್ದಕ್ಕೂ ಅಚ್ಚಿನಲ್ಲಿ ಒತ್ತಿದ್ದಕ್ಕೂ ಜನ ಒಂದೇ ಬೆಲೆ ಕೇಳುತ್ತಿದ್ದರು. ಅವರು ಕೊನೆಗೆ ಅಂಗಡಿ ಬಾಗಿಲಲ್ಲೇ ಉಳಿ ಹಿಡಿದು ಕೂತರು. ಕೆತ್ತುವುದು ಕಣ್ಣಿಗೆ ಬಿದ್ದ ಮೇಲೆ ಚೌಕಾಸಿ ಅರ್ಧಕ್ಕೆ ಇಳಿಯಿತು.

ಪ್ರಶ್ನೆ: ಪ್ರವಾಸಿಗರೇ ಬಾರದಿದ್ದಾಗ ಅವರೆಲ್ಲ ಏನು ಮಾಡುತ್ತಾರೆ?

ಉತ್ತರ: ಪ್ರತಿ ವರ್ಷದ ಖಾಲಿ ತಿಂಗಳಿಗೆ ಅವರು ತಯಾರಾಗಿಯೇ ಇರುತ್ತಾರೆ. ಬಣ್ಣ ಬಳಿಯುವುದು, ರಿಪೇರಿ, ಸಾಲ ತೀರಿಸುವುದು. 2020 ಹಾಗಿರಲಿಲ್ಲ. ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ದೇಶ ದಾಟಿ ಹೋದ ಪ್ರವಾಸಿಗರು ಸುಮಾರು 146 ಕೋಟಿ, ಮರುವರ್ಷ ಬರೀ 40 ಕೋಟಿ ಆಸುಪಾಸು. ನಮ್ಮ ಬೀದಿಯಲ್ಲಂತೂ ಒಬ್ಬರೂ ಇಲ್ಲ. ಆಗ ಉದ್ರಿ ಪುಸ್ತಕ ಎಷ್ಟು ದಪ್ಪವಾಯಿತು ಎಂದರೆ ನಾನು ಹೊಸದೊಂದು ಶುರು ಮಾಡಬೇಕಾಯಿತು. ಕೂಗಾಡುತ್ತಿದ್ದ ಆ ಇಬ್ಬರಲ್ಲಿ ಒಬ್ಬರು ಅಂಗಡಿ ಬಿಟ್ಟರು. ಉಳಿದ ಸರಕನ್ನು ಕೊಂಡ ಬೆಲೆಗೇ ತೆಗೆದುಕೊಂಡವರು ಪಕ್ಕದವರೇ.

ಮೊದಲ ಪ್ರಶ್ನೆಯ ತಂದೆಗೆ ಒಂದು ಮಾತು ಬಾಕಿ. ಸೀಸನ್ ಮುಗಿದ ಮೇಲೆ ಸಂಬಳ ಎಷ್ಟು, ಕಮಿಷನ್ನಿನಲ್ಲಿ ಅವಳ ಪಾಲು ಎಷ್ಟು ಎನ್ನುವುದನ್ನು ಕೆಲಸಕ್ಕೆ ಸೇರುವ ಮೊದಲೇ ಕೇಳಿ, ಬರೆಸಿಕೊಳ್ಳಲಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವ್ಯಾಪಾರದವರಿಗೆ ಅದು ಮಾಮೂಲಿ ಮಾತು.