ಬಿಳಿ ಅನ್ನ, ಬೆರಿಬೆರಿ ಮತ್ತು ನೌಕಾಪಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜಪಾನಿನ ನೌಕಾಪಡೆಯ ಹಡಗುಗಳಲ್ಲಿ ಪ್ರತಿ ಶುಕ್ರವಾರ ಅನ್ನ ಮತ್ತು ಕರಿ ಬಡಿಸುತ್ತಾರಂತೆ. ಇದರ ಹಿಂದೆ ಯಾವುದೋ ರೋಗದ ಕಥೆಯಿದೆಯಂತೆ, ನಿಜವೇ? – ಓದುಗರು, ಶಿವಮೊಗ್ಗ

ಉತ್ತರ: ಶುಕ್ರವಾರದ ಪದ್ಧತಿ ಈಚಿನದು, ರೋಗದ ಕಥೆ ಹಳೆಯದು. ಅದು ಬೆರಿಬೆರಿ. ಕಾಲು ಜೋಮು ಹಿಡಿಯುವುದರಿಂದ ಶುರುವಾಗಿ, ಮೈ ಬಾತು, ಕೊನೆಗೆ ಹೃದಯವೇ ಸೋಲುವ ಕಾಯಿಲೆ. 1882ರ ಕೊನೆಗೆ ತರಬೇತಿಗೆ ಹೊರಟ ರ್ಯೂಜೋ ಹಡಗಿನ 376 ಜನರಲ್ಲಿ 169 ಮಂದಿಗೆ ಅದು ಬಂತು, 25 ಮಂದಿ ಸತ್ತರು.

ಬಡವರ ಮಕ್ಕಳಿಗೆ ಹೊಟ್ಟೆ ತುಂಬ ಬಿಳಿ ಅನ್ನ ಸಿಗುವುದೇ ಆ ನೌಕರಿಯ ದೊಡ್ಡ ಆಸೆಯಾಗಿತ್ತು. ಸಾರು, ಪಲ್ಯ, ಮೀನಿಗೆಂದು ಕೊಡುತ್ತಿದ್ದ ದುಡ್ಡನ್ನು ನಾವಿಕರು ಉಳಿಸಿಟ್ಟುಕೊಂಡು ಬರೀ ಅನ್ನ ಉಣ್ಣುತ್ತಿದ್ದರು. ಚೆನ್ನಾಗಿ ಉಣ್ಣುವ ಅಧಿಕಾರಿಗಳಿಗೆ ರೋಗ ಕಡಿಮೆ ಎಂಬುದನ್ನು ಲಂಡನ್ನಿನಲ್ಲಿ ಓದಿ ಬಂದಿದ್ದ ನೌಕಾವೈದ್ಯ ತಕಾಕಿ ಕನೆಹಿರೊ ಗಮನಿಸಿದರು. 1884ರಲ್ಲಿ ತ್ಸುಕುಬಾ ಹಡಗನ್ನು ಅದೇ ದಾರಿಯಲ್ಲಿ ಕಳಿಸಿ, ಮಾಂಸ, ಡಬ್ಬಿಯ ಗಟ್ಟಿ ಹಾಲು, ಬ್ರೆಡ್ಡು ಕೊಡಿಸಿದರು. ಒಬ್ಬರೂ ಸಾಯಲಿಲ್ಲ. ರೋಗ ಬಂದ ಕೆಲವರಲ್ಲೂ ಹೆಚ್ಚಿನವರು ಹೊಸ ಊಟವನ್ನು ಸರಿಯಾಗಿ ತಿನ್ನದವರೇ. ಬ್ರೆಡ್ಡು ನಾವಿಕರ ಬಾಯಿಗೆ ಹತ್ತಲಿಲ್ಲವಾದ್ದರಿಂದ ಮರುವರ್ಷ ಅಕ್ಕಿಗೆ ಬಾರ್ಲಿ ಬೆರೆಸಲಾಯಿತು. ಗೋಧಿಹಿಟ್ಟು ಹಾಕಿ ಮಂದ ಮಾಡಿದ, ಮಾಂಸ ಮತ್ತು ತರಕಾರಿಯ ಕರಿ ಬ್ರಿಟಿಷ್ ನೌಕಾಪಡೆಯಿಂದ ಕಲಿತದ್ದು. ನಾವಿಕರ ಮೂಲಕ ಊರೂರಿನ ಮನೆಗಳಿಗೂ ಹೋಯಿತು.

ಪ್ರೋಟೀನು ಸಾಲದ್ದೇ ಕಾರಣ ಎಂದು ತಕಾಕಿ ತಿಳಿದಿದ್ದರು. ಅದು ತಪ್ಪು, ಸಾಲದೆ ಬಂದದ್ದು ತೌಡಿನಲ್ಲಿರುವ ಬಿ1 ಜೀವಸತ್ವ. ಆದರೂ ಮದ್ದು ಸರಿಯಿತ್ತು. ಇದು ಸೋಂಕು ಎಂದು ಹಟ ಹಿಡಿದ ಭೂಸೇನೆಯ ವೈದ್ಯರು ಸೈನಿಕರಿಗೆ ಬಿಳಿ ಅನ್ನವನ್ನೇ ಬಡಿಸಿದರು. 1904–05ರ ರಷ್ಯಾ ಯುದ್ಧದಲ್ಲಿ ಸುಮಾರು 27,000 ಸೈನಿಕರು ಬೆರಿಬೆರಿಗೆ ಬಲಿಯಾದರು. ತಪ್ಪಿಸಬಹುದಾಗಿದ್ದ ಸಾವುಗಳು ಇವು. ಬಡವರಿಗಾಗಿ ಟೋಕಿಯೋದಲ್ಲಿ ಆಸ್ಪತ್ರೆ, 1885ರಲ್ಲಿ ಜಪಾನಿನ ಮೊದಲ ದಾದಿಯರ ಶಾಲೆ ತೆರೆದವರೂ ತಕಾಕಿಯವರೇ.

ಪ್ರಶ್ನೆ: ನಮ್ಮ ಕುಚ್ಚಲಕ್ಕಿ ತಿಂದರೆ ಈ ಭಯ ಇಲ್ಲವೇ? – ಓದುಗರು, ಕುಂದಾಪುರ

ಉತ್ತರ: ಬೆಳ್ತಿಗೆಗಿಂತ, ಅಂದರೆ ಭತ್ತವನ್ನು ಬೇಯಿಸದೆ ತೌಡು ತೆಗೆದ ಬಿಳಿ ಅಕ್ಕಿಗಿಂತ, ಬಹಳ ಕಡಿಮೆ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ಬಿ1 ನೀರಿನೊಡನೆ ಕಾಳಿನ ಒಳಗೆ ಇಳಿಯುತ್ತದೆ; ಒಣಗಿಸಿ ಗಿರಣಿಗೆ ಹಾಕಿದರೂ ಒಂದಷ್ಟು ಉಳಿಯುತ್ತದೆ. ಆದರೆ ನೀರಿನಲ್ಲಿ ಕರಗುವ ಗುಣವೇ ಅಡುಗೆಮನೆಯಲ್ಲಿ ನಷ್ಟಕ್ಕೂ ಕಾರಣ. ಅಕ್ಕಿಯನ್ನು ಒಂದೆರಡು ಸಲ ತೊಳೆದರೆ ಸಾಕು, ಉಜ್ಜಬೇಡಿ. ಬಸಿದ ಗಂಜಿ ತಿಳಿಯನ್ನು ಚೆಲ್ಲದೆ ಉಪ್ಪು ಹಾಕಿ ಕುಡಿಯಿರಿ. ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಿದರೆ ಅದರ ಬಿ1 ಹಾಳಾಗುತ್ತದೆ. ದೊಡ್ಡವರಿಗೆ ದಿನಕ್ಕೆ ಸುಮಾರು 1.2 ಮಿಲಿಗ್ರಾಂ ಬೇಕು, ಮೈಯಲ್ಲಿರುವ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿಯುತ್ತದೆ.

ಬಾಣಂತಿಗೆ ತಿಂಗಳುಗಟ್ಟಲೆ ಬೆಳ್ತಿಗೆ ಅನ್ನ ಮಾತ್ರ ಕೊಟ್ಟು ಕಾಳು, ತರಕಾರಿ ಬಿಡಿಸುವ ಪಥ್ಯ ಕೂಸಿಗೇ ಅಪಾಯ, ಏಕೆಂದರೆ ಎದೆಹಾಲಿನಲ್ಲೂ ಬಿ1 ಬತ್ತುತ್ತದೆ. ಹೀಗೆ ಉಸಿರಾಟ ಕಷ್ಟವಾಗಿ ಬಂದ ಶಿಶುಗಳು ಬಿ1 ಕೊಟ್ಟೊಡನೆ ಚೇತರಿಸಿಕೊಂಡದ್ದನ್ನು ಪುತ್ತೂರಿನ ವೈದ್ಯರು ದಾಖಲಿಸಿದ್ದಾರೆ. ಬಾಣಂತಿಗೆ ಹೆಸರು, ತೊಗರಿ ಕೊಡಿ. ಕೂಸು ಹಾಲು ಬಿಟ್ಟು, ವಾಂತಿ ಮಾಡಿ, ಬೇಗ ಬೇಗ ಉಸಿರಾಡಿದರೆ, ಅಳುವಿನ ದನಿ ಒಡೆದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ತಾಯಿ ಏನು ಉಣ್ಣುತ್ತಿದ್ದಾಳೆ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.